ಎರಡು ಬೆರಳು ಗಿಡ್ಡವಾಗಿದ್ದ ದಾರ

ನಗರದ ದೊಡ್ಡ ಆಸ್ಪತ್ರೆಯ ಮುಖ್ಯ ಆಡಳಿತಾಧಿಕಾರಿಗಳಿಗೆ,

ಮಾನ್ಯರೇ,

ತಮ್ಮ ಆಸ್ಪತ್ರೆಯಲ್ಲಿ ಯಾರಿಗೆ ಕೆಲಸ ಸಿಗಬೇಕು, ಯಾರಿಗೆ ಸಿಗಬಾರದು ಎಂಬುದನ್ನು ಹನ್ನೊಂದು ವರ್ಷಗಳಿಂದ ಒಂದು ಗಂಟು ತೀರ್ಮಾನಿಸುತ್ತಾ ಬಂದಿದೆ. ಆ ಗಂಟು ಹಾಕಿದವನು ನಾನು. ಅದರಿಂದ ಬಾಗಿಲಾಚೆ ಉಳಿದವರಲ್ಲಿ ಒಬ್ಬಾಕೆಗೆ ಬರುವ ತಿಂಗಳು ಹದಿನೇಳನೇ ತಾರೀಖಿಗೆ ನಲವತ್ತು ತುಂಬುತ್ತದೆ. ಅಲ್ಲಿಂದಾಚೆಗೆ ತಮ್ಮ ವಯೋಮಿತಿಯ ಪ್ರಕಾರ ಆಕೆ ತಮ್ಮ ಯಾವ ಹುದ್ದೆಗೂ ಅರ್ಜಿ ಹಾಕುವಂತಿಲ್ಲ. ಲ್ಯಾಬ್ ಸಹಾಯಕರ ಸಂದರ್ಶನ ಇರುವುದು ಅದೇ ತಿಂಗಳ ಹತ್ತಕ್ಕೆ. ಆ ಪಟ್ಟಿಯಲ್ಲಿ ಆಕೆಯ ಹೆಸರಿರಬೇಕು. ಇದನ್ನು ಕೇಳುವುದಕ್ಕೇ ಈ ಪತ್ರ ಬರೆಯುತ್ತಿದ್ದೇನೆ.

ಊರಿಗೆಲ್ಲ ಕೇಳುವ ಹಾಗೆ ಬಹಿರಂಗ ಪತ್ರ ಯಾಕೆ ಬರೆಯಬೇಕಿತ್ತು, ಮೆಲ್ಲಗೆ ಬಂದು ಹೇಳಬಹುದಿತ್ತಲ್ಲ ಎಂದು ತಾವು ಕೇಳಬಹುದು. ಮೆಲ್ಲಗೆ ಎರಡು ಸಲ ಹೇಳಿದ್ದಾಯಿತು. ಎರಡು ಪತ್ರಕ್ಕೂ ಸೇರಿ ಒಂದು ಉತ್ತರ ಬಂತು: "ತಾವು ನಿವೃತ್ತರಾಗಿದ್ದು, ಈ ವಿಷಯವು ತಮ್ಮ ವ್ಯಾಪ್ತಿಯಲ್ಲಿ ಬರುವುದಿಲ್ಲ." ಓದಿ ನನಗೆ ನಗು ಬಂತು. ಇಪ್ಪತ್ತಾರು ವರ್ಷ ಕಂಡಕಂಡವರನ್ನೆಲ್ಲ ವ್ಯಾಪ್ತಿಯಿಂದ ಆಚೆ ಹಾಕಿದವನನ್ನು ಕೊನೆಗೆ ತಾವೂ ಆಚೆ ಹಾಕಿದಿರಿ. ಆ ಉತ್ತರವನ್ನು ಟೈಪು ಮಾಡಿದ ಗುಮಾಸ್ತರಿಗೆ ಬೆನ್ನು ತಟ್ಟಬೇಕು ಅನ್ನಿಸಿತು. ನಾನಾಗಿದ್ದರೂ ಹಾಗೇ ಬರೆಯುತ್ತಿದ್ದೆ.

ನಾನು ಯಾರೆಂದು ತಮಗೆ ನೆನಪಿರಲಾರದು. ಮೊದಲನೇ ಮಹಡಿ, ಎಕ್ಸ್‌ರೇ ಕೋಣೆಯ ಮೇಲಿನ ನೇಮಕಾತಿ ವಿಭಾಗ, ಗೇಟು ಕಾಣುವ ಕಿಟಕಿಯ ಪಕ್ಕದ ಮೇಜು. ನನ್ನ ಕುರ್ಚಿಯ ಹಿಂದೆ ಗೋಡೆಯ ಮೇಲೆ ನಗರದ ನಕ್ಷೆ ಇತ್ತು. ನಕ್ಷೆಯಲ್ಲಿ ಎರಡು ಸೆಂಟಿಮೀಟರಿಗೆ ಒಂದು ಕಿಲೋಮೀಟರಿನ ಲೆಕ್ಕ. ಆಸ್ಪತ್ರೆ ಇರುವ ಜಾಗಕ್ಕೆ ಗುಂಡುಪಿನ್ನು ಚುಚ್ಚಿ, ಅದಕ್ಕೆ ಔಷಧದ ಪೊಟ್ಟಣ ಕಟ್ಟುವ ಬಿಳಿ ದಾರವನ್ನು ಕಟ್ಟಿ ಇಳಿಬಿಟ್ಟಿದ್ದರು. ಉದ್ದ ಇಪ್ಪತ್ತನಾಲ್ಕು ಸೆಂಟಿಮೀಟರು, ಎಂದರೆ ಹನ್ನೆರಡು ಕಿಲೋಮೀಟರು. ದಾರದ ತುದಿಗೆ ಕೆಂಪು ಶಾಯಿ ಹಚ್ಚಿತ್ತು. ಅರ್ಜಿ ಬಂದಾಗ ನಾನು ಮೊದಲು ನೋಡುತ್ತಿದ್ದದ್ದು ವಿಳಾಸವನ್ನು. ದಾರವನ್ನು ಆ ಬಡಾವಣೆಯ ಕಡೆಗೆ ಎಳೆಯುತ್ತಿದ್ದೆ. ಕೆಂಪು ತುದಿ ಮುಟ್ಟಿದರೆ ಅರ್ಜಿ ಮೇಲಿನ ಖಾನೆಗೆ, ಮುಟ್ಟದಿದ್ದರೆ ಕೆಳಗಿನ ಖಾನೆಗೆ.

ಕೆಳಗಿನ ಖಾನೆಯ ಅರ್ಜಿಯನ್ನು ಯಾರೂ ತೆರೆದು ಓದುತ್ತಿರಲಿಲ್ಲ. ಅಂಕಪಟ್ಟಿ, ಅನುಭವ, ಶಿಫಾರಸು ಎಲ್ಲ ಟ್ಯಾಗಿನಲ್ಲಿ ಕಟ್ಟಿದ್ದು ಕಟ್ಟಿದಂತೆಯೇ ಇರುತ್ತಿತ್ತು. ಆದರೆ ಅರ್ಜಿದಾರರಿಗೆ ಹೋಗುತ್ತಿದ್ದ ಕಾಗದದಲ್ಲಿ "ತಮ್ಮ ಅರ್ಹತೆಗಳನ್ನು ಕೂಲಂಕಷವಾಗಿ ಪರಿಶೀಲಿಸಲಾಗಿದ್ದು" ಎಂಬ ಸಾಲು ತಪ್ಪದೆ ಇರುತ್ತಿತ್ತು. ಅದನ್ನೂ ನಾನೇ ಟೈಪು ಮಾಡುತ್ತಿದ್ದೆ. ದೂರದ ಮಾತೇ ಅದರಲ್ಲಿ ಇರುತ್ತಿರಲಿಲ್ಲ. ಈ ಹನ್ನೆರಡು ಕಿಲೋಮೀಟರಿನ ನಿಯಮ ಯಾವ ಪುಸ್ತಕದಲ್ಲೂ ಅಚ್ಚಾಗಿಲ್ಲ, ಯಾವ ಜಾಹೀರಾತಿನಲ್ಲೂ ಪ್ರಕಟವಾಗಿಲ್ಲ. ತಮಗಿಂತ ಹಿಂದಿನವರಿಗಿಂತ ಹಿಂದಿನವರು ಯಾರೋ ಒಂದು ಮಧ್ಯಾಹ್ನ "ದೂರದವರು ಸಮಯಕ್ಕೆ ಬರಲ್ಲ, ತುರ್ತು ಅಂದ್ರೆ ಸಿಗಲ್ಲ, ಆರು ತಿಂಗಳಿಗೆ ಬಿಟ್ಟು ಹೋಗ್ತಾರೆ" ಎಂದರಂತೆ. ಅವರು ಹೋದರು, ದಾರ ಉಳಿಯಿತು.

ಇನ್ನು ಗಂಟಿನ ವಿಷಯ. ಹನ್ನೊಂದು ವರ್ಷದ ಹಿಂದೆ ನಮ್ಮ ದೊಡ್ಡ ಗುಮಾಸ್ತರ ಭಾವಮೈದುನ ಉಗ್ರಾಣದ ಕೆಲಸಕ್ಕೆ ಅರ್ಜಿ ಹಾಕಿದ್ದರು. ಅವರ ಮನೆ ದಾರದ ತುದಿಯಿಂದ ಉಗುರಿನಷ್ಟು ಆಚೆ. ದೊಡ್ಡ ಗುಮಾಸ್ತರು ನನ್ನ ಹಿಂದೆ ಬಂದು ನಿಂತು, "ಸ್ವಲ್ಪ ಎಳೀರಿ, ದಾರ ತಾನೇ, ಬರತ್ತೆ" ಅಂದರು. ಎಳೆದೆ. ಬರಲಿಲ್ಲ. "ಅಯ್ಯೋ, ಅನ್ನ ತಿಂದಿಲ್ವೇನ್ರೀ? ಇನ್ನೂ ಎಳೀರಿ" ಅಂದರು. ಇನ್ನೊಮ್ಮೆ ಎಳೆದಾಗ ದಾರ ನಟ್ಟನಡುವೆ ತುಂಡಾಯಿತು. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ನಾನು ಎರಡೂ ತುಂಡು ಸೇರಿಸಿ, ಬಿಗಿಯಾಗಿರಲಿ ಎಂದು ಎರಡು ಸುತ್ತು ಹಾಕಿ ಗಂಟು ಕಟ್ಟಿದೆ. ಉಳಿದ ಬಾಲಗಳನ್ನು ಕತ್ತರಿಯಿಂದ ಕತ್ತರಿಸಿದೆ. ಭಾವಮೈದುನರ ಅರ್ಜಿಯನ್ನು ಅಳೆಯದೆಯೇ ಮೇಲಿನ ಖಾನೆಗೆ ಹಾಕಿದೆವು. ಅವರು ಈಗಲೂ ತಮ್ಮ ಉಗ್ರಾಣದಲ್ಲಿದ್ದಾರೆ. ಒಳ್ಳೆಯ ಮನುಷ್ಯ. ಅಷ್ಟು ದೂರದಿಂದ ಬಂದರೂ ಇಷ್ಟು ವರ್ಷದಲ್ಲಿ ಒಂದು ದಿನ ತಡ ಮಾಡಿದ್ದಿಲ್ಲ.

ಗಂಟು ಹಾಕಿದರೆ ದಾರ ಗಿಡ್ಡವಾಗುತ್ತದೆ ಎಂಬುದು ಮೂರು ವರ್ಷದ ಮಗುವಿಗೂ ಗೊತ್ತು. ನನಗೆ ಹೊಳೆಯಲಿಲ್ಲ. ಹನ್ನೊಂದು ವರ್ಷ ಹೊಳೆಯಲಿಲ್ಲ.

ಮೂರು ವರ್ಷದ ಹಿಂದೆ ತಾವು ಕಂಪ್ಯೂಟರು ತರಿಸಿದಿರಿ. ಇನ್ನು ಮುಂದೆ ಎಲ್ಲ ಪಾರದರ್ಶಕ, ಮನುಷ್ಯರ ಕೈವಾಡವೇ ಇರುವುದಿಲ್ಲ ಎಂದು ಸಭೆಯಲ್ಲಿ ಹೇಳಿದಿರಿ. ಆ ಕಂಪ್ಯೂಟರಿಗೆ ತಿನ್ನಿಸಲು "ವ್ಯಾಪ್ತಿಯೊಳಗಿನ ಬಡಾವಣೆಗಳ ಪಟ್ಟಿ" ಬೇಕಾಯಿತು. ಪಟ್ಟಿ ಮಾಡಿದ್ದು ಯಾರು? ನಾನೇ. ಎರಡು ಮಧ್ಯಾಹ್ನ ಕೂತು, ಅದೇ ಗಂಟು ಹಾಕಿದ ದಾರವನ್ನು ನಕ್ಷೆಯ ಸುತ್ತಲೂ ತಿರುಗಿಸಿ, ಒಂದೊಂದೇ ಹೆಸರು ಬರೆದುಕೊಟ್ಟೆ. ತಾವು ಎಲ್ಲರೆದುರು ನನಗೆ ಹೂಗುಚ್ಛ ಕೊಟ್ಟಿರಿ. ದಾರವನ್ನು ನಾನು ನೆನಪಿಗಿರಲಿ ಎಂದು ಜೇಬಿಗೆ ಹಾಕಿಕೊಂಡೆ. ನಿವೃತ್ತಿಯ ದಿನ ಮನೆಗೆ ತಂದ ಪೆಟ್ಟಿಗೆಯಲ್ಲಿ ಅದೂ ಇತ್ತು.

ನನ್ನ ಹೆಂಡತಿ ಬಟ್ಟೆ ಹೊಲಿಯುವವಳು. ಎರಡು ತಿಂಗಳ ಹಿಂದೆ ಒಂದು ದಿನ ಕಪಾಟು ಜೋಡಿಸುತ್ತಾ ಅದನ್ನು ಎತ್ತಿ ಹಿಡಿದು ಕೇಳಿದಳು: "ಇದೇನ್ರೀ ಕೊಳಕು ದಾರ, ಬಿಸಾಕ್ಲಾ?"

"ಅಯ್ಯೋ, ಬೇಡ ಕಣೇ. ಅದು ನನ್ನ ಇಪ್ಪತ್ತಾರು ವರ್ಷದ ಸರ್ವೀಸು. ಸರಿಯಾಗಿ ಇಪ್ಪತ್ತನಾಲ್ಕು ಸೆಂಟಿಮೀಟರ್ ಇದೆ."

ಅವಳ ಕೊರಳಲ್ಲಿ ಯಾವಾಗಲೂ ಟೇಪು ಇರುತ್ತದೆ. ಸುಮ್ಮನೆ ಹಿಡಿದು ನೋಡಿದಳು. "ಇಪ್ಪತ್ತೊಂದು."

"ಸರಿಯಾಗಿ ನೋಡೇ."

"ನಾನು ಅಳತೆ ತಪ್ಪಿದ್ರೆ ಜನ ಬಟ್ಟೆ ತಂದು ಮುಖದ ಮೇಲೆ ಎಸೀತಾರೆ. ನಿಮ್ಮ ಆಫೀಸಲ್ಲಿ ಹಾಗೆ ಎಸೆಯೋರು ಯಾರೂ ಇರ್ಲಿಲ್ಲ ಅನ್ಸತ್ತೆ" ಅಂದಳು. ತಮಾಷೆಗೇ ಅಂದದ್ದು. ನಾನು ಬೆರಳು ಮಡಿಸಿ ಲೆಕ್ಕ ಹಾಕಿದೆ. ಮೂರು ಸೆಂಟಿಮೀಟರು ಎಂದರೆ ಒಂದೂವರೆ ಕಿಲೋಮೀಟರು. ನಗರದ ಸುತ್ತ ಒಂದೂವರೆ ಕಿಲೋಮೀಟರು ಅಗಲದ ಪಟ್ಟಿಯೊಂದನ್ನು, ಅದರೊಳಗಿನ ಬೀದಿ, ಮನೆ, ಮನುಷ್ಯರ ಸಮೇತ, ಆ ಗಂಟು ನುಂಗಿ ಕೂತಿತ್ತು. ಸೋಪಿನ ಕಾರ್ಖಾನೆಯ ಹಿಂದಿನ ಬೀದಿಗಳು. ರೈಲ್ವೆ ಶೆಡ್ಡಿನ ಆಚೆಯ ವಸತಿಗಳು. ಹಳೇ ಇಟ್ಟಿಗೆಗೂಡಿನ ಬಡಾವಣೆ. ಈ ಮೂರನೆಯ ಹೆಸರನ್ನು ನಾನು ಆರು ಲಕೋಟೆಗಳ ಮೇಲೆ ಬರೆದಿದ್ದೆ.

ಆ ಬಡಾವಣೆಯಿಂದ ಒಬ್ಬಾಕೆ ಲ್ಯಾಬ್ ಸಹಾಯಕಿಯ ಕೆಲಸಕ್ಕೆ ಆರು ಸಲ ಅರ್ಜಿ ಹಾಕಿದ್ದಳು. ಆರೂ ಸಲ ನಾನೇ ಕೆಳಗಿನ ಖಾನೆಗೆ ಹಾಕಿದ್ದೆ. ನಾಲ್ಕನೆಯದು ತಿರಸ್ಕೃತವಾದಾಗ, ಈಗ್ಗೆ ಆರು ವರ್ಷದ ಹಿಂದೆ, ಆಕೆ ಕಾಗದ ಹಿಡಿದುಕೊಂಡು ನನ್ನ ಮೇಜಿನವರೆಗೂ ಬಂದಳು. "ಸರ್, ಏನು ಕಮ್ಮಿ ಆಯ್ತು ಅಂತ ಹೇಳಿದ್ರೆ ಸರಿಮಾಡ್ಕೋತೀನಿ" ಎಂದು ಕೇಳಿದಳು. ಹೇಳುವಂತಿರಲಿಲ್ಲ. ಆದರೆ ಊಟದ ಹೊತ್ತು, ಎದ್ದು ಹೋಗುವ ಅವಸರ, ನಾಲಿಗೆ ಜಾರಿತು. "ದೂರ ಆಗತ್ತಮ್ಮ ನಿಂಗೆ. ಒಂಬತ್ತೂವರೆಗೆ ಇಲ್ಲಿರಬೇಕು. ಎಲ್ಲಿಂದ ಬರ್ತೀಯ?"

"ಬರ್ತೀನಿ ಸರ್" ಅಂದಳು.

"ಎಲ್ರೂ ಹಾಗೇ ಅಂತಾರೆ."

ಮರುದಿನ ಬೆಳಿಗ್ಗೆ ಒಂಬತ್ತು ಇಪ್ಪತ್ತಕ್ಕೆ ಆಕೆ ಗೇಟಿನಲ್ಲಿದ್ದಳು. ಗೇಟಿನ ಕಾವಲುಗಾರರ ಪುಸ್ತಕದಲ್ಲಿ ಹೆಸರು, ವಿಳಾಸ, ಬಂದ ಸಮಯ ಬರೆದು ಸಹಿ ಹಾಕಿದಳು. ತಲೆಯೆತ್ತಿ ನನ್ನ ಕಿಟಕಿ ನೋಡಿದಳು. ನಾನು ಕಂಡದ್ದು ಖಚಿತವಾದ ಮೇಲೆ ತಿರುಗಿ ಹೊರಟುಹೋದಳು. ಮಾರನೆಯ ದಿನ ಮತ್ತೆ ಒಂಬತ್ತು ಇಪ್ಪತ್ತು. ಅದರ ಮಾರನೆಯ ದಿನವೂ. ಪುಸ್ತಕದಲ್ಲಿ "ಭೇಟಿಯ ಉದ್ದೇಶ" ಎಂಬ ಅಂಕಣವಿದೆಯಲ್ಲ, ಅದರಲ್ಲಿ ಆಕೆ ದಿನಾ ಬರೆಯುತ್ತಿದ್ದದ್ದು ಒಂದೇ ಮಾತು: "ಬರಲು ಆಗುತ್ತದೆ ಎಂದು ತೋರಿಸಲು."

ಕಾವಲುಗಾರರು ಆಕೆಗೆ ಒಂಬತ್ತು ಇಪ್ಪತ್ತು ಎಂದೇ ಹೆಸರಿಟ್ಟರು. "ಸಾರ್, ಒಂಬತ್ತು ಇಪ್ಪತ್ತು ಬಂದ್ರು, ನಿಮ್ಮ ಗಡಿಯಾರ ಸರಿಮಾಡ್ಕೊಳಿ" ಎಂದು ಕೆಳಗಿನಿಂದ ಕೂಗುತ್ತಿದ್ದರು. ನಮ್ಮ ವಿಭಾಗದಲ್ಲಿ ಅದೊಂದು ಮೋಜಾಯಿತು. ಬಸ್ಸಿನವರು ಮುಷ್ಕರ ಹೂಡಿದ್ದ ದಿನ ಆಸ್ಪತ್ರೆಯ ಹದಿನಾಲ್ಕು ಸಿಬ್ಬಂದಿ ಬರಲಿಲ್ಲ. ಆಕೆ ಒಂಬತ್ತು ಇಪ್ಪತ್ತಕ್ಕೇ ಬಂದಳು. ಆವತ್ತು ನಾನು ಕಿಟಕಿಯಿಂದ ಕೈ ಬೀಸಿದೆ. ಕೈ ಬೀಸಿದ್ದನ್ನು ಆಕೆ ಏನೆಂದು ತಿಳಿದುಕೊಂಡಳೋ, ದೇವರೇ ಬಲ್ಲ. ಇಪ್ಪತ್ತಾರು ದಿನ ಬಂದಳು. ಇಪ್ಪತ್ತೇಳನೆಯ ದಿನ ಬರಲಿಲ್ಲ. ಕಾವಲುಗಾರರು ಎರಡು ದಿನ ಪುಸ್ತಕದಲ್ಲಿ ಒಂದು ಸಾಲು ಖಾಲಿ ಬಿಟ್ಟು ಕಾದರು. ಆಮೇಲೆ ಅವರೂ ಮರೆತರು.

ಮರೆಯದೆ ಉಳಿದವನು ನಾನೊಬ್ಬ ಎಂದರೆ ಸುಳ್ಳಾಗುತ್ತದೆ. ನಾನೂ ಮರೆತಿದ್ದೆ. ಐದನೇ ಅರ್ಜಿ ಬಂತು, ಆರನೆಯದು ಬಂತು, ಎರಡನ್ನೂ ದಾರ ಎಳೆದು ಕೆಳಗೆ ಹಾಕಿದೆ. ಈಗ ಟೇಪಿನ ಆ ಮಧ್ಯಾಹ್ನದ ನಂತರ, ಬಿಟ್ಟೂ ಬಿಡದೆ ಎಲ್ಲ ಬರುತ್ತಿದೆ. ಮೊದಮೊದಲು ಬೆಳಗಿನ ಒಂಬತ್ತು ಇಪ್ಪತ್ತಕ್ಕೆ ನನ್ನ ಕೈಯಲ್ಲಿ ಕಾಫಿಯ ಲೋಟ ಇರುತ್ತಿತ್ತು. ತಲೆ ತಾನೇ ತಾನಾಗಿ ಕಿಟಕಿಯ ಕಡೆ ತಿರುಗುತ್ತಿತ್ತು. "ಮತ್ತೆ ಗೇಟು ನೋಡ್ತಿದ್ದೀರಾ?" ಎಂದು ಹೆಂಡತಿ ಕೇಳುತ್ತಿದ್ದಳು. ನಮ್ಮ ಮನೆಗೆ ಗೇಟಿಲ್ಲ. ಎದುರಿಗಿರುವುದು ಪಕ್ಕದ ಮನೆಯ ಗೋಡೆ. ಆದರೂ ಆ ಗೋಡೆಯ ಮುಂದೆ ಯಾರೋ ಬಂದು, ಸಹಿ ಹಾಕಿ, ತಲೆಯೆತ್ತಿ, ನಾನು ನೋಡಿದೆನೇ ಎಂದು ಕಾಯುತ್ತಿರುವ ಹಾಗೆ ಅನ್ನಿಸುತ್ತಿತ್ತು. ನೋಡಿದೆ ಎಂದು ಹೇಳೋಣವೆಂದರೆ ಅಲ್ಲಿ ಯಾರೂ ಇರುತ್ತಿರಲಿಲ್ಲ.

ಆಕೆಯೊಬ್ಬಳೇ ಅಲ್ಲ. ಅರ್ಜಿಗಳಿಗೆ ಫೋಟೋ ಅಂಟಿಸಿರುತ್ತಿದ್ದರಲ್ಲ, ಆ ಮುಖಗಳು ಬರುತ್ತವೆ. ನೀರು ಹಚ್ಚಿ ಬಾಚಿದ ತಲೆ, ಯಾರದೋ ಕೋಟು, ನಗಬೇಕೋ ಬೇಡವೋ ಎಂದು ತಿಳಿಯದ ತುಟಿ. ಕೆಳಗಿನ ಖಾನೆಗೆ ಹಾಕುವಾಗ ನಾನು ಅರ್ಜಿಯನ್ನು ಬೋರಲಾಗಿ ಹಾಕುತ್ತಿದ್ದೆ. ಯಾಕೆ ಹಾಗೆ ಮಾಡುತ್ತಿದ್ದೆ ಎಂದು ಆಗ ಯೋಚಿಸಿರಲಿಲ್ಲ. ಈಗ ಗೊತ್ತಾಗಿದೆ, ಅವರು ನನ್ನನ್ನು ನೋಡಬಾರದಿತ್ತು. ತಿಂಗಳಿಗೊಮ್ಮೆ ಅವನ್ನೆಲ್ಲ ಮೂಟೆ ಕಟ್ಟಿ ರದ್ದಿಗೆ ಕಳಿಸುತ್ತಿದ್ದೆವು. ಎಷ್ಟು ಮೂಟೆ ಹೋಯಿತು ಎಂಬ ಲೆಕ್ಕ ತಮ್ಮ ಕಚೇರಿಯಲ್ಲೂ ಇಲ್ಲ, ನನ್ನ ತಲೆಯಲ್ಲೂ ಇಲ್ಲ.

ಸಹಿಸಲಾಗದೆ ಒಂದು ಬೆಳಿಗ್ಗೆ ರೈಲು ಹತ್ತಿ ಹಳೇ ಇಟ್ಟಿಗೆಗೂಡಿನ ಬಡಾವಣೆಗೆ ಹೋದೆ. ವಿಳಾಸ ಹುಡುಕಬೇಕಾಗಿರಲಿಲ್ಲ, ಆರು ಸಲ ಲಕೋಟೆಯ ಮೇಲೆ ಬರೆದದ್ದು ಬಾಯಿಪಾಠವಾಗಿತ್ತು. ಕೈಗಡಿಯಾರ ನೋಡುತ್ತಲೇ ಹೋದೆ. ಬಾಗಿಲಲ್ಲಿ ನಿಂತದ್ದು ಆಕೆಯೇ. ಬೆರಳುಗಳಿಗೆಲ್ಲ ಅಂಟು ಮೆತ್ತಿತ್ತು. ಒಳಗೆ ನೆಲದ ತುಂಬ ಔಷಧದ ಖಾಲಿ ಸೀಸೆಗಳು. ಅವಕ್ಕೆ ಚೀಟಿ ಅಂಟಿಸುವ ಕೆಲಸ ಈಗ ಆಕೆಯದು. ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿದಳು.

"ನೀವು ಕಿಟಕಿ ಸರ್ ಅಲ್ವಾ?"

"ಹೌದಮ್ಮ."

"ಏನ್ ಸರ್, ಆರ್ಡರ್ ಬಂತಾ?" ಎಂದು ನಕ್ಕಳು. ಆ ನಗುವನ್ನು ನಾನು ಎಲ್ಲಿಡಲಿ?

ಕೂತು ಎಲ್ಲ ಹೇಳಿದೆ. ದಾರ, ಭಾವಮೈದುನ, ಗಂಟು, ಟೇಪು. ಜೇಬಿನಿಂದ ದಾರ ತೆಗೆದು ತೋರಿಸಿದೆ. ಆಕೆ ಅದನ್ನು ಮುಟ್ಟಲಿಲ್ಲ.

"ಎಷ್ಟು ಕಮ್ಮಿ ಆಗಿತ್ತು ಸರ್?"

ಎರಡು ಬೆರಳು ಜೋಡಿಸಿ ತೋರಿಸಿದೆ. ಆಕೆ ತನ್ನ ಎರಡು ಬೆರಳನ್ನೂ ಜೋಡಿಸಿ ನೋಡಿಕೊಂಡಳು. ಆಮೇಲೆ ಅಂದಳು: "ದೂರ ಅಂದ್ರಿ, ಬಂದು ತೋರಿಸ್ದೆ. ಆಮೇಲೂ ಬೇಡ ಅಂದ್ರಿ. ಹಾಗಾದ್ರೆ ದೂರ ಅಲ್ಲ, ನನ್ನಲ್ಲೇ ಏನೋ ಕಮ್ಮಿ ಇದೆ ಅಂದ್ಕೊಂಡೆ. ಮಾರ್ಕ್ಸ್ ಸಾಲ್ದು ಅಂತ ಪಾಸಾಗಿದ್ದ ಪರೀಕ್ಷೇನ ಮತ್ತೆ ಕಟ್ಟಿದೆ. ಮುಖ ಸರಿಯಿಲ್ಲ ಅಂತ ಮೂರು ಸಲ ಫೋಟೋ ತೆಗೆಸ್ದೆ. ಅಕ್ಷರ ಚೆನ್ನಾಗಿಲ್ಲ ಅಂತ ಕಾಪಿ ಬರೆದೆ ಸರ್, ಸ್ಕೂಲ್ ಮಕ್ಕಳ ಥರ."

ಇಪ್ಪತ್ತೇಳನೆಯ ದಿನ ಯಾಕೆ ಬರಲಿಲ್ಲವೆಂದು ಕೇಳಿದೆ. ಆಗ ಆಕೆ ಮನೆಯ ಹತ್ತಿರದ ರಕ್ತಪರೀಕ್ಷೆಯ ಅಂಗಡಿಯಲ್ಲಿ ಕೆಲಸಕ್ಕಿದ್ದಳಂತೆ. ಅಲ್ಲಿ ಒಂಬತ್ತಕ್ಕೆ ಬಾಗಿಲು ತೆರೆಯಬೇಕು. ದಿನಾ ನಮ್ಮ ಗೇಟಿಗೆ ಬಂದು ಸಹಿ ಹಾಕಿ, ವಾಪಸು ರೈಲು ಹಿಡಿದು ಹೋಗುವಷ್ಟರಲ್ಲಿ ಹತ್ತೂಕಾಲಾಗುತ್ತಿತ್ತು. ಮಾಲೀಕರು ಒಂದು ತಿಂಗಳು ಹೊಟ್ಟೆಗೆ ಹಾಕಿಕೊಂಡರು. ಆಮೇಲೆ, ಸಮಯಕ್ಕೆ ಬಾರದವರು ಬೇಡವೆಂದು ಕಳಿಸಿಬಿಟ್ಟರು. ಮರುದಿನ ರೈಲಿನ ಟಿಕೆಟ್ಟಿಗೂ ಕಾಸಿರಲಿಲ್ಲವಂತೆ. ಮಾನ್ಯರೇ, ಇದನ್ನು ಇನ್ನೊಮ್ಮೆ ಓದಿ. ಕೆಲಸಕ್ಕೆ ಸಮಯಕ್ಕೆ ಸರಿಯಾಗಿ ಬರಬಲ್ಲೆನೆಂದು ನಮಗೆ ತೋರಿಸಲು ಹೋಗಿ, ಸಮಯಕ್ಕೆ ಬರುವುದಿಲ್ಲವೆಂಬ ಹೆಸರು ಹೊತ್ತು ಇದ್ದ ಕೆಲಸವನ್ನೂ ಕಳೆದುಕೊಂಡಳು. ನಾನು ಕಿಟಕಿಯಿಂದ ಕೈ ಬೀಸಿದ್ದೆ.

ಏಳನೇ ಅರ್ಜಿಯನ್ನು ನಾನೇ ಕೊಂಡುಹೋಗಿದ್ದೆ. ಆಕೆ ತುಂಬಲು ಒಪ್ಪಲಿಲ್ಲ. ಗೋಗರೆದೆ. ಕೊನೆಗೆ ಅಂಟಿನ ಕೈ ಒರೆಸಿಕೊಂಡು, ಬಹಳ ಚೆಂದದ ಅಕ್ಷರದಲ್ಲಿ ತುಂಬಿಕೊಟ್ಟಳು. "ನೀವೇ ತಗೊಂಡು ಹೋಗಿ ಕೊಡಿ. ನಾನು ಆ ಗೇಟಿಗೆ ಇನ್ನು ಬಂದು ನಿಲ್ಲಲ್ಲ. ಕರೆದ್ರೆ ಬರ್ತೀನಿ" ಅಂದಳು. ಕರೆದರೆ ಬರುತ್ತಾಳೆ. ಈ ಮಾತನ್ನು ದಯವಿಟ್ಟು ಗುರುತುಹಾಕಿಕೊಳ್ಳಿ.

ಅರ್ಜಿ ತಂದು ತಮ್ಮ ಕೌಂಟರಿನಲ್ಲಿ ಕೊಟ್ಟೆ. ಅಲ್ಲಿದ್ದ ಹುಡುಗಿ ವಿಳಾಸ ಒತ್ತಿದಳು. ಪರದೆಯ ಮೇಲೆ ಕೆಂಪಾಯಿತು. "ವ್ಯಾಪ್ತಿಯ ಹೊರಗೆ ಅಂತ ಬರ್ತಿದೆ ಅಂಕಲ್. ಸಿಸ್ಟಮ್ ತಗೊಳ್ತಿಲ್ಲ."

"ಆ ಪಟ್ಟಿ ತಪ್ಪು ಕಣಮ್ಮ. ಅದನ್ನ ಮಾಡಿದ್ದು ನಾನೇ."

"ಓ, ನೀವೇನಾ? ಹಾಗಾದ್ರೆ ಸರಿಯಾಗೇ ಇರತ್ತೆ ಬಿಡಿ" ಅಂದಳು, ಬಹಳ ಗೌರವದಿಂದ.

ದಾರ ನನ್ನ ಜೇಬಿನಲ್ಲಿತ್ತು. ಗಂಟು ತಮ್ಮ ಯಂತ್ರದೊಳಗೆ ಹೋಗಿ ಕೂತಿದೆ. ಮೊದಲಾದರೆ ಕತ್ತರಿ ಸಾಕಿತ್ತು.

ಈಗ ವಾದಕ್ಕೆ ಬರೋಣ. ನಿಯಮ ಸರಿಯಿದೆ, ಅಳತೆ ಮಾತ್ರ ತಪ್ಪಿದೆ, ಮೂರು ಸೆಂಟಿಮೀಟರು ಸರಿಪಡಿಸಿದರೆ ಎಲ್ಲ ಸರಿಹೋಗುತ್ತದೆ ಎಂದು ತಾವು ನೆಮ್ಮದಿಯ ಉಸಿರು ಬಿಡಬೇಡಿ. ದಾರ ಸರಿಯಾಗಿದ್ದಾಗಲೂ ಅದು ಅಳೆಯುತ್ತಿದ್ದದ್ದು ಏನನ್ನು? ಹಕ್ಕಿ ಹಾರಿದರೆ ಎಷ್ಟು ದೂರ ಎಂಬುದನ್ನು. ನಮ್ಮಲ್ಲಿ ಯಾವ ಹಕ್ಕಿಯೂ ಅರ್ಜಿ ಹಾಕಿದ ದಾಖಲೆಯಿಲ್ಲ. ನದಿಯ ಆಚೆಯ ದಂಡೆ ನಕ್ಷೆಯಲ್ಲಿ ನಾಲ್ಕೇ ಕಿಲೋಮೀಟರು; ಸೇತುವೆ ಸುತ್ತಿ, ಎರಡು ಬಸ್ಸು ಬದಲಿಸಿ ಬರಲು ಒಂದೂಮುಕ್ಕಾಲು ಗಂಟೆ. ಅಲ್ಲಿಯವರು ದಾರದ ಒಳಗೆ! ಹಳೇ ಇಟ್ಟಿಗೆಗೂಡಿನಿಂದ ಮನೆ ಬಾಗಿಲು ಹಾಕಿ ಹೊರಟರೆ ನಿಲ್ದಾಣಕ್ಕೆ ಒಂಬತ್ತು ನಿಮಿಷ, ರೈಲಿನಲ್ಲಿ ಇಪ್ಪತ್ತೆರಡು, ಇಳಿದು ಗೇಟಿಗೆ ಏಳು. ಒಟ್ಟು ಮೂವತ್ತೆಂಟು ನಿಮಿಷ. ಅವರು ಹೊರಗೆ!

ದೂರದವರು ತಡವಾಗಿ ಬರುತ್ತಾರಂತೆ. ತಡವಾಗಿ ಬಂದವರ ಪುಸ್ತಕವನ್ನೂ ಇಟ್ಟುಕೊಂಡಿದ್ದವನು ನಾನೇ, ಮಾನ್ಯರೇ. ಅದರಲ್ಲಿ ಹೆಚ್ಚು ಸಲ ಬರುತ್ತಿದ್ದದ್ದು ಆಸ್ಪತ್ರೆಯ ಹಿಂದಿನ ಕ್ವಾರ್ಟರ್ಸಿನವರ ಹೆಸರು. ನನ್ನ ಹೆಸರೂ ಇದೆ, ನಡೆದರೆ ಏಳು ನಿಮಿಷದ ದಾರಿಯವನು. ಹತ್ತಿರವಿದ್ದವನಿಗೆ ಇನ್ನೂ ಹೊತ್ತಿದೆಯಲ್ಲ ಎಂಬ ಧೈರ್ಯ ಇರುತ್ತದೆ. ರೈಲು ತಪ್ಪಿದರೆ ಕೆಲಸ ಹೋಗುತ್ತದೆ ಎಂದು ಗೊತ್ತಿರುವವಳು ನಿಲ್ದಾಣದಲ್ಲಿ ಹತ್ತು ನಿಮಿಷ ಮೊದಲೇ ನಿಂತಿರುತ್ತಾಳೆ. ಹತ್ತಿರ ಮನೆ ಮಾಡಬಹುದಲ್ಲ ಎನ್ನುತ್ತೀರಾ? ಆಸ್ಪತ್ರೆಯ ಸುತ್ತಮುತ್ತ ಬಾಡಿಗೆ ಕೊಡುವಷ್ಟು ಸಂಬಳ ಬೇಕಾದರೆ ಮೊದಲು ಕೆಲಸ ಸಿಗಬೇಕು. ಕೆಲಸ ಸಿಗಬೇಕಾದರೆ ಮೊದಲು ಮನೆ ಇಲ್ಲಿರಬೇಕು. ಯಾವುದನ್ನು ಮೊದಲು ಮಾಡಬೇಕೆಂದು ತಾವೇ ಅಪ್ಪಣೆ ಕೊಡಿ. ಮನುಷ್ಯ ಎಲ್ಲಿ ಮಲಗಿ ಏಳುತ್ತಾನೆ ಎಂಬುದರಿಂದ ಅವನ ಕೈಚಳಕ, ಶ್ರದ್ಧೆ ಗೊತ್ತಾಗುವುದಾದರೆ ಅಂಕಪಟ್ಟಿಯನ್ನು ಯಾಕೆ ಕೇಳಬೇಕು, ಪಡಸಾಲೆಯ ಫೋಟೋ ಕೇಳಿದರೆ ಸಾಲದೇ?

ಇನ್ನೊಂದು ತಪ್ಪೊಪ್ಪಿಗೆ. ಕೆಲಸವಿಲ್ಲದ ಒಂದು ಮಧ್ಯಾಹ್ನ ತಮ್ಮ ಬಂಗಲೆಯ ಕಡೆಗೂ ದಾರ ಎಳೆದು ನೋಡಿದ್ದೆ. ಕೆರೆಯ ಪಕ್ಕದ್ದು, ಒಳ್ಳೆಯ ಗಾಳಿ ಬೆಳಕಿನ ಜಾಗ. ದಾರ ಅರ್ಧ ದಾರಿ ದಾಟುತ್ತಲೇ ಸುಸ್ತಾಗಿ ನಿಂತಿತು. ಹತ್ತೊಂಬತ್ತು ಕಿಲೋಮೀಟರು. ತಾವು ಲ್ಯಾಬ್ ಸಹಾಯಕರಾಗಿ ಅರ್ಜಿ ಹಾಕಿದ್ದರೆ ಕೆಳಗಿನ ಖಾನೆಯಲ್ಲಿ ಬೋರಲು ಬಿದ್ದಿರುತ್ತಿದ್ದಿರಿ. ತಮ್ಮ ಅರ್ಹತೆಗಳನ್ನೂ ನಾನು ಕೂಲಂಕಷವಾಗಿ ಪರಿಶೀಲಿಸಿರುತ್ತಿದ್ದೆ.

ವ್ಯಂಗ್ಯ ಸಾಕು. ನನಗೇ ಬೇಸರ ಬಂದಿದೆ. ತಪ್ಪು ನನ್ನದು, ಶಿಕ್ಷೆ ಕೊಡುವುದಾದರೆ ಕೊಡಿ, ಪಿಂಚಣಿ ತಡೆಯುವುದಾದರೆ ತಡೆಯಿರಿ, ನನ್ನ ಹೆಂಡತಿಯ ಟೇಪು ನಮ್ಮಿಬ್ಬರನ್ನೂ ಸಾಕುತ್ತದೆ. ಆದರೆ ಆ ಕೆಂಪು ಪರದೆಯನ್ನು ತೆಗೆಸಿ. ವಿಳಾಸದ ಪಟ್ಟಿಯನ್ನು ಪೂರ್ತಿ ಅಳಿಸಿ; ಸಮಯಕ್ಕೆ ಬರುತ್ತಾರೋ ಇಲ್ಲವೋ ಎಂಬುದನ್ನು ಬಂದ ಮೇಲೆ ನೋಡಿ. ಆಚೆ ಹಾಕಿದವರೆಲ್ಲರಿಗೂ ಒಂದು ಸಾಲು ಬರೆಯಿರಿ, ನಿಮ್ಮಲ್ಲಿ ಏನೂ ಕಮ್ಮಿ ಇರಲಿಲ್ಲ ಎಂದು. ಪೂರ್ತಿ ಪಟ್ಟಿ ಸಿಗದು, ಮೂಟೆಗಳು ಹೋಗಿವೆ. ಪತ್ರಿಕೆಯಲ್ಲಾದರೂ ಪ್ರಕಟಿಸಿ, ಕಂಡವರು ಕಾಣಲಿ. ಅದಕ್ಕೆಲ್ಲ ಸಮಯ ಬೇಕು, ಸಭೆ ಬೇಕು ಎನ್ನುವುದಾದರೆ ಇರಲಿ. ಆದರೆ ಹತ್ತನೇ ತಾರೀಖು ಸಭೆಗೆ ಕಾಯುವುದಿಲ್ಲ, ಹದಿನೇಳಂತೂ ಕಾಯುವುದೇ ಇಲ್ಲ. ಹಳೇ ಇಟ್ಟಿಗೆಗೂಡಿನ ಆಕೆಗೆ ಸಂದರ್ಶನದ ಕಾಗದ ಹೋಗಬೇಕು. ಆಕೆಯನ್ನು ಆರಿಸಿ ಎಂದು ನಾನು ಕೇಳುತ್ತಿಲ್ಲ. ಏಳನೇ ಅರ್ಜಿಯನ್ನು ಈ ಪತ್ರದ ಜೊತೆಗೇ ಇಟ್ಟಿದ್ದೇನೆ; ಒಮ್ಮೆ, ಒಂದೇ ಒಂದು ಸಲ, ಆ ಟ್ಯಾಗು ಬಿಚ್ಚಿ ಓದಿ.

ಓದುವವರೆಗೆ ತಮಗೆ ಒಂದು ಕೆಲಸ ಹೇಳುತ್ತೇನೆ. ತಮ್ಮ ಗೇಟಿನ ಪುಸ್ತಕ ತರಿಸಿಕೊಂಡು ನೋಡಿ. ಕಳೆದ ಹತ್ತೊಂಬತ್ತು ದಿನಗಳಿಂದ ಹಳೇ ಇಟ್ಟಿಗೆಗೂಡಿನ ಬಡಾವಣೆಯಿಂದ ಒಬ್ಬರು ದಿನವೂ ಬಂದು ಸಹಿ ಹಾಕುತ್ತಿದ್ದಾರೆ. ಅವರು ಬೆಳಿಗ್ಗೆ ಮೊದಲು ಇಲ್ಲಿಂದ ಅಲ್ಲಿಗೆ ರೈಲಿನಲ್ಲಿ ಹೋಗುತ್ತಾರೆ. ಸೀಸೆಗಳಿರುವ ಒಂದು ಮನೆಯ ಬಾಗಿಲಿನಿಂದ ಎಂಟು ನಲವತ್ತೆರಡಕ್ಕೆ ಹೊರಡುತ್ತಾರೆ. ಅರವತ್ತೊಂದು ವರ್ಷ, ಎಡಗಾಲಿನ ಮಂಡಿ ನೋವು, ಆದರೂ ಒಂದು ದಿನ ತಡವಾಗಿಲ್ಲ. "ಭೇಟಿಯ ಉದ್ದೇಶ" ಎಂಬಲ್ಲಿ ಏನು ಬರೆದಿದೆ ಎಂದು ತಮಗೆ ನಾನು ಹೇಳಬೇಕಾಗಿಲ್ಲ. ಹಳೆಯ ಕಾವಲುಗಾರರು ಈಗಿಲ್ಲ. ಹೊಸಬರಿಗೆ ಹಿಂದಿನ ಕಥೆ ಒಂದೂ ಗೊತ್ತಿಲ್ಲ. ಆದರೂ ನಿನ್ನೆ ನನ್ನನ್ನು ದೂರದಿಂದ ಕಂಡು, ಮೇಲಿನ ಕಿಟಕಿಯ ಕಡೆ ತಿರುಗಿ, ನಗುತ್ತಾ ಕೂಗಿದರು. ಆ ಕಿಟಕಿಯಲ್ಲಿ ಯಾರೋ ಹೊಸ ಗುಮಾಸ್ತರು ನಿಂತಿದ್ದರು. ಅವರು ನನಗೆ ಕೈ ಬೀಸಿದರು.

ಇಂತಿ,
ಕರೆಯುವ ತನಕ ತಮ್ಮ ಗೇಟಿನಲ್ಲಿ,
ಒಂಬತ್ತು ಇಪ್ಪತ್ತು